ಮೀನಿನ ಮನೆಯ ಮೇಸ್ತ್ರಿ

ಕಲ್ಲಿನ ಕಮಾನು ಮೂರನೇ ಸಲ ಕುಸಿದು ಬಿದ್ದಾಗ ಅವಳು ಕೈಯಲ್ಲಿದ್ದ ಅಂಟಿನ ಟ್ಯೂಬನ್ನು ನೆಲಕ್ಕೆ ಎಸೆದು ಸೊಂಟಕ್ಕೆ ಕೈಯಿಟ್ಟು ನಿಂತಳು. ಕಣ್ಣಿನ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಆರಡಿಯ ಗಾಜಿನ ತೊಟ್ಟಿ ಖಾಲಿ ಕೂತಿತ್ತು. ಅಳತೆಯ ಉಪ್ಪು ಬೆರೆಸಿದ ನೀರು ಪಕ್ಕದ ಡ್ರಮ್ಮಿನಲ್ಲಿ ಬೆಳಗಿನಿಂದ ಸಿದ್ಧವಾಗಿತ್ತು. ನಾಲ್ಕಕ್ಕೆ ಡಾಕ್ಟರು ಬರುವಷ್ಟರಲ್ಲಿ ಕಮಾನು ತೊಟ್ಟಿಯೊಳಗೆ ನಿಂತಿರಬೇಕು. ಸಮುದ್ರದ ಮೀನುಗಳಿಗೆ ಕಲ್ಲಿನ ಗೂಡು ಕಟ್ಟುವುದೇ ಅವಳ ಕಸುಬು. ಆದರೆ ಇಷ್ಟಗಲದ ಕಮಾನನ್ನು ಒಪ್ಪಿಕೊಂಡದ್ದು ಇದೇ ಮೊದಲು.

"ಅಂಟು ಹಚ್ಚಿ ಕಮಾನು ನಿಲ್ಲಿಸ್ತಾರೇನೇ? ಅಂಟು ಇರೋದು ಗಾಳಿಪಟಕ್ಕೆ," ಎಂದ ಅಪ್ಪ, ರೋಗಿಗಳ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು. ಬೆನ್ನುನೋವಿನಿಂದ ಕರಣೆ ಕೆಳಗಿಟ್ಟ ಗಾರೆ ಮೇಸ್ತ್ರಿ ಆತ. ಕಲ್ಲು ಎತ್ತಿಕೊಡಲು ಜನ ಸಿಗದೆ ಅವಳು ಇವತ್ತು ಅವನನ್ನೇ ಕರೆತಂದಿದ್ದಳು. ತಪ್ಪು ಮಾಡಿದೆ ಅನ್ನಿಸುತ್ತಿತ್ತು.

"ಸಿಮೆಂಟ್ ಹಾಕಿದ್ರೆ ನೀರು ಕೆಡುತ್ತಪ್ಪಾ."

"ಸಿಮೆಂಟ್ ಹಾಕು ಅಂತ ಯಾರಂದ್ರು? ಭಾರ ಯಾವ ಕಡೆ ಹೋಗುತ್ತೆ ಅಂತ ಒಂದ್ಸಲನಾದ್ರೂ ಕಲ್ಲನ್ನ ಕೇಳಿದೀಯಾ?"

ಅವಳ ಕೆಲಸಕ್ಕೆ 'ಕಲ್ಲಾಟ' ಎಂದು ಹೆಸರಿಟ್ಟವನೇ ಈ ಅಪ್ಪ. ಅವನನ್ನು ಸಹಾಯ ಕೇಳುವುದೆಂದರೆ ಬಿಸಿತುಪ್ಪ ನುಂಗಿದಂತೆ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. "ಸರಿ, ಬಾ. ತೋರಿಸು," ಎಂದಳು.

ಬೆನ್ನುನೋವು ಎಲ್ಲಿ ಹೋಯಿತೋ! ಅಪ್ಪ ನೆಲದ ಮೇಲೆ ಬಕೆಟ್ಟನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡೂ ಕಡೆ ಮರದ ಚಕ್ಕೆ ಕೊಟ್ಟ. ತೂತುತೂತಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಕೆಲವನ್ನು ಬೈದು ಪಕ್ಕಕ್ಕಿಟ್ಟು, ಉಳಿದವನ್ನು ಎರಡೂ ಬದಿಯಿಂದ ಬಕೆಟ್ಟಿನ ಬೆನ್ನೇರಿಸಿದ. ನೆತ್ತಿಯ ಸಂದಿನಲ್ಲಿ ಬೆಣೆಯಂಥ ಕಲ್ಲೊಂದನ್ನು ಕೂರಿಸಿ, "ಈಗ ಹಚ್ಚು ನಿನ್ನ ಅಂಟು," ಎಂದ. ಅವಳು ಸಂದುಸಂದಿಗೂ ಅಂಟು ಇಳಿಸಿ, ಮೇಲೆ ಕಲ್ಲಿನ ಪುಡಿ ಉದುರಿಸಿದಳು. ಅಂಟು ಗಟ್ಟಿಯಾಗುವವರೆಗೆ ಇಬ್ಬರೂ ಕಾದರು. ಆಮೇಲೆ ಅವಳು ಚಕ್ಕೆ ತೆಗೆದು, ಉಸಿರು ಬಿಗಿಹಿಡಿದು ಬಕೆಟ್ಟನ್ನು ಮೆಲ್ಲಗೆ ಎಳೆದಳು.

ಕಮಾನು ಕಿರ್ ಎಂದಿತು. ನಿಂತಿತು.

"ಅಪ್ಪಾ!" ಎಂದು ಅವಳು ಕುಣಿದೇಬಿಟ್ಟಳು. ನೆತ್ತಿಯ ಕಲ್ಲಿನ ಪಕ್ಕ ಒಂದು ಸಂದು ಬಿಟ್ಟುಹೋಗಿತ್ತು. ಅದಕ್ಕೂ ಅಂಟು ತುಂಬಿದಳು. ಹೊರಚೆಲ್ಲಿದ ಅಂಟನ್ನು ಕಂಡದ್ದೇ, ಹಳೇ ಅಭ್ಯಾಸ, ಅಪ್ಪ ಗಾರೆ ಸವರುವ ಹಾಗೆ ಹೆಬ್ಬೆರಳು ಎಳೆದ.

"ಅಯ್ಯೋ, ಮುಟ್ಬೇಡ!"

ಹೊತ್ತು ಮೀರಿತ್ತು. ಹೆಬ್ಬೆರಳೂ, ಅದನ್ನು ಬಿಡಿಸಲು ಹೋದ ಎರಡು ಬೆರಳೂ ಕಲ್ಲಿಗೆ ಕಚ್ಚಿಕೊಂಡಿದ್ದವು. ಕೌಂಟರಿನ ಹುಡುಗಿ ಎದ್ದು ಬಂದು, ನಗು ತಡೆಯಲಾಗದೆ, "ಡಾಕ್ಟ್ರು ಬಂದ್ರೆ ಇವರನ್ನೂ ತೊಟ್ಟಿಗೆ ಇಳಿಸ್ತೀರಾ?" ಎಂದಳು. ಅಂಟು ಕರಗಿಸಲೆಂದು, ಉಗುರುಬಣ್ಣ ಅಳಿಸುವ ದ್ರಾವಣದ ಸೀಸೆಗಾಗಿ ತನ್ನ ಬ್ಯಾಗನ್ನು ಮೇಜಿನ ಮೇಲೆ ಸುರುವಿ ಹುಡುಕತೊಡಗಿದಳು. ಮಗಳು ಮಂಡಿಯೂರಿ, ಚರ್ಮ ಕಿತ್ತುಬಂದೀತೆಂಬ ಭಯದಲ್ಲಿ, ಅಪ್ಪನ ಮಣಿಕಟ್ಟು ಹಿಡಿದುಕೊಂಡಳು.

"ಆತುರ ಬೇಡ ಬಿಡಮ್ಮ," ಎಂದ ಅಪ್ಪ, ಕಮಾನಿನ ಮೇಲಿಂದ ಕಣ್ಣು ಕೀಳದೆ. "ನಲವತ್ತು ವರ್ಷ ಎಷ್ಟೋ ಮನೆ ಕಟ್ಟಿದೀನಿ. ಕೆಲಸ ಮುಗಿದ್ಮೇಲೂ ಹೋಗ್ಬೇಡ ಅಂತ ಕೈ ಹಿಡ್ಕೊಂಡಿದ್ದು ಇದೊಂದೇ."