ಬಾಣಂತಿಯ ಜಾಗ

“ನಿನ್ನ ಜಾಗಕ್ಕ ಬ್ಯಾರೇದಾಕಿ ಬಂದಾಳ. ಮನಿಗಿ ಹೋಗು ಇನ್ನ,” ಎನ್ನುತ್ತ ಮೇಸ್ತ್ರಿ ಕಾಳಪ್ಪ ಅಕ್ಕಿ ಗಿರಣಿಯ ಗೇಟಿಗೆ ಅಡ್ಡ ನಿಂತ. ಹೆರಿಗೆಯ ರಜೆ ಮುಗಿಸಿ ಅಂದಷ್ಟೇ ಕೆಲಸಕ್ಕೆ ಮರಳಿದ್ದ ಹುಲಗೆಮ್ಮ, ಕಂಕುಳಲ್ಲಿದ್ದ ಕೂಸಿನ ತಲೆಯ ಮೇಲೆ ಸೆರಗು ಎಳೆದಳು. ಎಂಬತ್ಮೂರನೇ ಇಸವಿಯ ಬೇಸಿಗೆ. ಗಂಗಾವತಿಯ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು.

“ಕೂಸು ಹಡಿಯಾಕ ಹೋಗಿದ್ನಿರಿ, ಕೆಲಸ ಬಿಟ್ಟು ಹೋಗಿರಲಿಲ್ಲ. ಹಡದಾಕೀನ ತೆಗೀಬಾರದು ಅಂತ ಕಾಯ್ದೆ ಐತಿ. ಲೇಬರ್ ಸಾಹೇಬ್ರು ಇದ ಗೇಟಿನ ಮುಂದ ನಿಂತು ಹೇಳಿ ಹೋಗ್ಯಾರ.”

“ಹಂಗಾದ್ರ ಅವರ ಕಡೆನ ಕೆಲಸ ಕೇಳ ಹೋಗು.”

ಒಳಗೆ ಸಿಮೆಂಟಿನ ಕಣದಲ್ಲಿ ಕುದಿಸಿದ ಭತ್ತ ಸುರಿದಿದ್ದರು. ಹಬೆಯಾಡುವ ರಾಶಿಯನ್ನು ಹೆಂಗಸರು ಹರವಲು ತೊಡಗಿದ್ದರು. ಹುಲಗೆಮ್ಮನ ಜಾಗಕ್ಕೆ ಸೇರಿದ್ದ ಹಸನಬೀ ಮಾತು ಕೇಳಿ ಗೇಟಿಗೆ ಬಂದಳು. ಗಂಡ ಸತ್ತ ಮೇಲೆ ಅವಳಿಗೆ ಸಿಕ್ಕಿದ್ದ ಮೊದಲ ಕೆಲಸ ಅದು. ಕೂಸನ್ನು ನೋಡಿದಳು, ಕಾಳಪ್ಪನನ್ನು ನೋಡಿದಳು.

“ಊರು ಬಿಟ್ಟು ಹೋದಾಕಿ ಜಾಗ ಅಂತ ಹೇಳಿದ್ರಿ ನನಗ. ಬಾಣಂತಿ ಜಾಗ ಅಂತ ಹೇಳಲಿಲ್ಲ. ಈಕಿ ಒಳಗ ಬರೂತನ ನಾ ಭತ್ತ ಮುಟ್ಟಂಗಿಲ್ರಿ.” ಗೇಟು ದಾಟಿ ಹುಲಗೆಮ್ಮನ ಪಕ್ಕದಲ್ಲಿ ನಿಂತಳು.

ಹುಲಗೆಮ್ಮ ಅವಳತ್ತ ತಿರುಗಿದಳು. ಬೇರೊಬ್ಬಳು ಸೇರಿದ ಸುದ್ದಿ ಕೇಳಿದಾಗಿನಿಂದ, ಅವಳಿಗೆ ಬೈಯಲೆಂದೇ ಮಾತು ಹೊಂದಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಾಗಲಿಲ್ಲ. ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದಕಮ್ಮ ಮೊರ ಕೆಳಗಿಟ್ಟು ಬಂದು ಗೇಟಿನ ಬಳಿ ಕುಳಿತಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಕುಳಿತರು. ಕಾಳಪ್ಪ ಗದರಿಸಿದ, ಆಮೇಲೆ ಪುಸಲಾಯಿಸಿದ. ಯಾರೂ ಏಳಲಿಲ್ಲ.

ಗಿರಣಿಯ ಸಾವುಕಾರರು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. “ರಾಶಿ ಹಂಗ ಬಿಟ್ಟು ಕುಂತೀರಲ್ಲ, ಭತ್ತ ಕೆಡತೈತಿ,” ಎಂದರು.

“ಹುಲಗೆಮ್ಮನ್ನ ಒಳಗ ಬಿಡ್ರಿ ಸಾವ್ಕಾರ್ರ, ಹರವತೀವಿ,” ಎಂದಳು ಮುದಕಮ್ಮ.

ಸಾವುಕಾರರು ಕಾಳಪ್ಪನತ್ತ ತಿರುಗಿ, “ಬಿಡು,” ಎಂದರು.

ಹುಲಗೆಮ್ಮ ಅಲುಗಲಿಲ್ಲ. “ಹಸನಬೀನೂ ಇರಬೇಕ್ರಿ. ನನ್ನ ಸಲುವಾಗಿ ಹೊರಗ ಬಂದಾಳ.”

ಕಣದ ಕಡೆಯಿಂದ ಹುಳಿ ವಾಸನೆ ಬರತೊಡಗಿತ್ತು. ಸಾವುಕಾರರು ಮೂಗು ಮುಚ್ಚಿಕೊಂಡರು. “ಇಬ್ರೂ ಇರ್ರಿ. ಮದ್ಲ ಭತ್ತ ನೋಡ್ರಿ.”

ಹೆಂಗಸರು ನಗುತ್ತ ಒಳಗೆ ನುಗ್ಗಿದರು. ಹುಲಗೆಮ್ಮ ಗೋದಾಮಿನ ನೆರಳಲ್ಲಿ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ಬಿಸಿ ಭತ್ತದೊಳಗೆ ಕಾಲಿಟ್ಟಳು. ಪಕ್ಕದಲ್ಲಿ ಹಸನಬೀ. ಅವರ ಹಿಂದೆ ಪಕ್ಕೀರವ್ವನೆಂಬ ಎಳೆಯ ಹೆಣ್ಣು. ಕೆಲಸ ಹೋದೀತೆಂಬ ಭಯಕ್ಕೆ ತಿಂಗಳುಗಟ್ಟಲೆ ಸೊಂಟಕ್ಕೆ ಸೆರಗು ಬಿಗಿದು ಬಸಿರು ಮುಚ್ಚಿಟ್ಟಿದ್ದವಳು. ಆಕೆ ಕಣದ ನಡುವೆ, ಕಾಳಪ್ಪನ ಎದುರಿಗೇ ನಿಂತು, ಬಿಗಿದ ಸೆರಗನ್ನು ಬಿಚ್ಚಿ ಸಡಿಲವಾಗಿ ಹೊದ್ದುಕೊಂಡಳು.