ಎರಡು ಬೆರಳು

ಜನ ನಡೆದಾಡಲು ಫುಟ್‌ಪಾತ್ ಬೇಕೆಂದರೆ ಬಳ್ಳಾರಿ ಬಜಾರಿನ ಪ್ರತಿ ಅಂಗಡಿಯೂ ಒಂದು ಮೀಟರ್ ಕಟ್ಟೆ ಕಳೆದುಕೊಳ್ಳಬೇಕಿತ್ತು. ಮುನಿಸಿಪಾಲಿಟಿಯ ಓಬಳೇಶ ಚರಂಡಿಯಿಂದ ಟೇಪು ಹಿಡಿದು ಸುಣ್ಣದ ಗೆರೆ ಎಳೆದ ಕೂಡಲೇ, ಬಟ್ಟೆ ಅಂಗಡಿಯ ಮರಿಬಸಪ್ಪ ತನ್ನ ಕಬ್ಬಿಣದ ಮೀಟರ್ ಕಡ್ಡಿಯಿಂದ ಮತ್ತೆ ಅಳೆದ. ಕಡ್ಡಿ ಗೆರೆಗೆ ಎರಡು ಬೆರಳು ಕಡಿಮೆ ಬಂತು.

"ಲೇ ಕಳ್ಳ, ನಮ್ಮಪ್ಪ ಕಟ್ಟಿಸಿದ ಕಟ್ಟಿ ಇದು! ಎರಡು ಬೆರಳು ಜಾಸ್ತಿ ನುಂಗಾಕ ಬಂದೀಯೇನು?"

"ಟೇಪು ಸರಿ ಐತ್ರಿ ಸಾವ್ಕಾರ್ರ, ನಿಮ್ಮ ಕಡ್ಡೀನ…"

ಓಬಳೇಶನ ಮಾತು ಮುಗಿಯುವ ಮೊದಲೇ ಕಡ್ಡಿ ಅವನ ಕಣ್ಣಿನ ಮೇಲೆ ಬಿತ್ತು. ಕುಸಿದವನಿಗೆ ಇನ್ನೆರಡು ಏಟು ಬಿದ್ದವು. ಸುಣ್ಣದ ಗೆರೆ ಕೆಂಪಾಯಿತು. ಪಕ್ಕದ ಬಟ್ಟೆ ಅಂಗಡಿಯವನೂ "ಹಾಕ್ರಿ ಇನ್ನೊಂದು!" ಎನ್ನುತ್ತ ತನ್ನ ಮೀಟರ್ ಕಡ್ಡಿ ಹಿಡಿದೇ ಓಡಿಬಂದ.

ಕುಪ್ಪಸದ ಬಟ್ಟೆಗೆಂದು ಕರೂರು ಹಳ್ಳಿಯಿಂದ ಬಂದಿದ್ದ ಸಾವಂತ್ರಮ್ಮ ಮರಿಬಸಪ್ಪನ ಕಡ್ಡಿಯನ್ನು ಕಿತ್ತುಕೊಂಡು ಪಕ್ಕದವನ ಕಡ್ಡಿಗೆ ಜೋಡಿಸಿದಳು. ಮರಿಬಸಪ್ಪನದು ಅಲ್ಲಿಯೂ ಎರಡು ಬೆರಳು ಕಡಿಮೆ.

"ಬಟ್ಟಿ ಸಾಲಲ್ಲ ಅಂತಿದ್ದ ದರ್ಜೀನ ಹತ್ತು ವರ್ಷ ಕಳ್ಳ ಅಂತ ಬೈದೆ. ಕಳ್ಳ ಇಲ್ಲಿ ಅದಾನ್ರಪ್ಪೋ!"

ಎಷ್ಟೋ ವರ್ಷಗಳ ಹಿಂದೆ ಕಡ್ಡಿಯ ತುದಿಯನ್ನು ತಾನೇ ಕೊಯ್ಯಿಸಿದ್ದು ಮರಿಬಸಪ್ಪನಿಗೆ ಆಗ ನೆನಪಾಯಿತು.

ಊರ ಜನರಿಗೆ ನಡೆಯಲು ಒಂದು ಮೀಟರ್ ದಾರಿ ಸಿಕ್ಕಿತು. ಓಬಳೇಶನ ಒಂದು ಕಣ್ಣು ಹೋಯಿತು. ಮರಿಬಸಪ್ಪನ ಅಂಗಡಿಯ ಮೆಟ್ಟಿಲನ್ನು ಮತ್ತೆ ಯಾರೂ ಹತ್ತಲಿಲ್ಲ.