ಎಡತುದಿಯ ಪಟ್ಟಿ

ವಾರ್ನಿಷ್ ವಾಸನೆ ಬಂದರೆ ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಆದವಾನಿಯ ನಮ್ಮ ಹತ್ತಿ ವ್ಯಾಪಾರದ ಮನೆಯಲ್ಲಿ ವಾರ್ನಿಷ್ ವಾಸನೆಯ ಪಿಯಾನೋ ಒಂದಿತ್ತು. ತಾತ ಅದನ್ನು ಲಂಡನ್ನಿನಿಂದ ತರಿಸಿದ್ದನೆಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಆ ಮಧ್ಯಾಹ್ನ ರವಿಕೆ ಹೊಲಿಯಲು ಬಂದಿದ್ದ ರೋಸಮ್ಮ ಸೂಜಿ ನಿಲ್ಲಿಸಿದಳು.

"ಅಮ್ಮಾರ, ಇದು ನಮ್ಮಪ್ಪ ಜಾನಪ್ಪ ಬಳ್ಳಾರ್ಯಾಗ ಮಾಡಿದ್ದು ಅನಸ್ತೈತ್ರಿ. ಎಡಗಡೆ ತುದೀಗೆ ಬೆರಳಿಂದ ಬಾರಸೋ ಬಿಳಿ ಪಟ್ಟಿ ತೆಗದು ನೋಡ್ರಿ, ಒಳಗ ಇಂಗ್ಲಿಷ್‌ನ್ಯಾಗ ಹೆಸರು, ಊರು ಬರದಿರ್ತಾನ."

"ನಿಮ್ಮಪ್ಪ ಎತ್ತಿನ ಬಂಡಿ ಮಾಡಿರಬೇಕು, ಸುಮ್ನ ಹೊಲಿ!" ಎಂದು ಅಜ್ಜಿ ನಕ್ಕಳು. ಆದರೂ ಪಟ್ಟಿಯನ್ನು ತೆಗೆಸಿದಳು. ಇಂಗ್ಲಿಷ್ ಓದಲು ಬರುತ್ತಿದ್ದವಳು ಅಲ್ಲಿ ನಾನೊಬ್ಬಳೇ.

"ಓದವ್ವ, ಏನೈತಿ?" ಎಂದಳು ಅಜ್ಜಿ.

'ಜಾನಪ್ಪ, ಬಳ್ಳಾರಿ' ಎಂದಿತ್ತು. ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ, ನೋಡಿರಲಿಕ್ಕಿಲ್ಲ.

"ಲಂಡನ್," ಎಂದೆ.

ರೋಸಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಹಂಗಾದ್ರ ನಮ್ಮಪ್ಪಂದಲ್ಲ ಬಿಡು. ಅವನ ಹೆಸರು ಹೆಂಗಿರತೈತಿ, ಒಂದು ಚೀಟ್ಯಾಗ ಬರಕೊಡ ನನ ತಾಯಿ. ಬ್ಯಾರೆ ಮನ್ಯಾಗ ಸಿಕ್ರ ಗುರ್ತು ಹಿಡೀತೀನಿ."

ಸರಿಯಾಗಿ ಬರೆದರೆ ಚೀಟಿಯ ಅಕ್ಷರಗಳೂ ಪಟ್ಟಿಯ ಅಕ್ಷರಗಳೂ ಒಂದೇ ಎಂದು ಅವಳಿಗೆ ತಿಳಿಯುತ್ತಿತ್ತು. ಬೇಕೆಂದೇ ಬೇರೆ ಯಾವುದೋ ಅಕ್ಷರಗಳನ್ನು ಬರೆದುಕೊಟ್ಟೆ. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡಳು.